ಮಧ್ಯಾಹ್ನದ ಅಗ್ಗದ ಟಿಕೆಟ್

ಇಬ್ಬರಿಗೆ, ಏಳು ದಿನಕ್ಕೆ, ವಿಮಾನ, ರೂಮು ಎಲ್ಲ ಸೇರಿ ಒಂಬೈನೂರು ದಿನಾರ್. ಹೆಚ್ಚಾಯ್ತು ಅನ್ನುವ ಮೊದಲು ಕಾರಣ ಕೇಳಿ. ನಾನು ಕುವೈತಿನ ರಾಯ್‌ನಲ್ಲಿ ಹಳೆಯ ಏಸಿ, ಫ್ರಿಜ್ಜು ರಿಪೇರಿ ಮಾಡಿ ಮಾರುವವನು. ಮನೆಯ ಫ್ರೀಜರಿನಲ್ಲಿ ಕಟ್ಟಿದ ಐಸು ಕೆರೆಯುವಾಗಲೆಲ್ಲ ನನ್ನ ಹೆಂಡತಿ, ಆಕಾಶದಿಂದ ಬಿದ್ದದ್ದನ್ನು ಒಮ್ಮೆ ಮುಟ್ಟಬೇಕು ಎನ್ನುತ್ತಿದ್ದಳು. ಹದಿನೆಂಟು ವರ್ಷ ಕೇಳಿಸಿಕೊಂಡೆ. ಅವಳ ಮೊಣಕಾಲು ಇನ್ನು ಹೆಚ್ಚು ಕಾಲ ಬೆಟ್ಟಗುಡ್ಡ ತಾಳುವುದಿಲ್ಲ ಎಂದು ಡಾಕ್ಟರು ಹೇಳಿದ ಬೇಸಿಗೆಯಲ್ಲಿ ಹೊರಟೇಬಿಟ್ಟೆವು.

ಆಸ್ಟ್ರಿಯಾದ ಬೆಟ್ಟಗಳ ನಡುವೆ, ಸರೋವರದ ದಡದ ಸಣ್ಣ ಊರು. ಹೇಳಿದ್ದು ನನ್ನ ಕುವೈತಿ ಗಿರಾಕಿಯೊಬ್ಬ. ಸೆಖೆಗಾಲದಲ್ಲಿ ಅವರ ಜನ ಅಲ್ಲಿಗೇ ಹೋಗುವುದು. ಹಾಗಾಗಿ ನಾವು ಇಳಿದುಕೊಂಡ ಮನೆಯ ಯಜಮಾನಿ, ಅರವತ್ತು ದಾಟಿದ ಹೆಂಗಸು, ನಾಲ್ಕಾರು ಅರಬಿ ಮಾತು ಕಲಿತಿದ್ದಳು. ರೂಮಿನ ಚೌಕಾಸಿ ನಡೆದದ್ದು ನನ್ನ ಅಂಗಡಿಯ ಅರಬಿಯಲ್ಲೇ. ದಿನಕ್ಕೆ ಹತ್ತು ಯೂರೋ ಇಳಿಸಿದ ಮೇಲೆ ಅವಳು ಮೇಜು ತಟ್ಟಿ "ಖಲಾಸ್" ಅಂದಳು. ಮುಗಿಯಿತು, ಇನ್ನು ಕೇಳಬೇಡ ಅಂತ.

ಸರೋವರದ ಸುತ್ತ ನಡೆದೆವು, ಪೆಡಲ್ ದೋಣಿ ತುಳಿದೆವು, ಹಸುಗಳ ಕೊರಳಗಂಟೆ ಕೇಳುತ್ತಾ ಕೂತೆವು. ಬೆವರದೆ ನಡೆಯುವುದು ಎಂಥ ಸುಖ ಅಂತ ಕುವೈತಿನಲ್ಲಿದ್ದವರಿಗೇ ಗೊತ್ತು. ಹಿಮ ಮಾತ್ರ ಮೇಲೆ, ಕೇಬಲ್ ಕಾರಿನಲ್ಲಿ ಹೋಗಬೇಕು. ಮಧ್ಯಾಹ್ನ ಎರಡರ ನಂತರ ಟಿಕೆಟ್ ಅಗ್ಗ ಎಂದು ಬೋರ್ಡಿನಲ್ಲಿತ್ತು. ಬೆಳಿಗ್ಗೆ ಯಾಕೆ ಸುಮ್ಮನೆ ದುಡ್ಡು ಸುರಿಯುವುದು ಅಂದೆ. ಒಂದೊಂದು ಮಧ್ಯಾಹ್ನವೂ ಮೋಡ ಇಳಿದು ಕಾರು ನಿಂತಿತು. ಕೊನೆಯ ದಿನವೂ ಅದೇ. ಮರುದಿನ ಹತ್ತೂವರೆಗೆ ನಮ್ಮ ರೈಲು.

"ಬಿಡಿ ಮಾರಾಯ್ರೇ, ಮನೆಯಲ್ಲಿ ಫ್ರೀಜರ್ ಉಂಟಲ್ಲ," ಅಂದಳು ಹೆಂಡತಿ. ಬೈದಿದ್ದರೆ ವಾಸಿಯಿತ್ತು.

ನಮ್ಮ ಮುಖ ನೋಡಿ ಯಜಮಾನಿ ವಿಚಾರಿಸಿದಳು. ಅಗ್ಗದ ಟಿಕೆಟಿನ ಕತೆ ಕೇಳಿ ನನ್ನನ್ನು ನೋಡಿ ಚೆನ್ನಾಗಿ ನಕ್ಕಳು. ಆಮೇಲೆ, ಮೊದಲ ಕಾರು ಎಂಟಕ್ಕೆ, ನಾನೇ ಬಿಡುತ್ತೇನೆ, ಪೆಟ್ಟಿಗೆಗಳು ನನ್ನ ಗಾಡಿಯಲ್ಲೇ ಇರಲಿ, ಅಲ್ಲಿಂದಲೇ ಸ್ಟೇಷನ್ನಿಗೆ ಹೋಗೋಣ ಎಂದಳು. ಹಾಗೇ ಮಾಡಿದಳು ಕೂಡ.

ಮೇಲೆ ಚೂರೂ ಮೋಡವಿರಲಿಲ್ಲ. ಹೆಂಡತಿ ಕೈಗವಸು ಕಳಚಿ, ಬೊಗಸೆ ತುಂಬ ಹಿಮ ಹಿಡಿದು, ಅದು ಕರಗಿ ಜಾಕೆಟ್ಟಿನ ತೋಳಿನೊಳಗೆ ಇಳಿಯುವವರೆಗೂ ನಿಂತಳು.

"ನಮ್ಮ ಫ್ರೀಜರಿನದ್ದಕ್ಕಿಂತ ಮೆತ್ತಗೆ ಉಂಟು," ಅಂದು ನನ್ನ ಕೈಗೂ ಒಂದಿಷ್ಟು ಹಾಕಿದಳು.

ಸ್ಟೇಷನ್ನಿನಲ್ಲಿ ಯಜಮಾನಿಗೆ ಇಪ್ಪತ್ತು ಯೂರೋ ಚಾಚಿದೆ. ಅವಳು ನೋಟಿನ ಮೇಲೆ ನನ್ನ ಬೆರಳು ಮಡಚಿ "ಖಲಾಸ್" ಅಂದಳು. ನೋಟು ಜೇಬಿಗೆ ಹಾಕಿ ಪೆಟ್ಟಿಗೆ ಇಳಿಸಿಕೊಂಡೆ.

ನೀವು ಹೋಗುವುದಿದ್ದರೆ ಕೇಳಿ. ದಪ್ಪ ಜಾಕೆಟ್ಟು ರಾಯ್‌ನ ಶುಕ್ರವಾರದ ಸಂತೆಯಲ್ಲಿ ಸೆಖೆಗಾಲದಲ್ಲೇ ತೆಗೆದುಕೊಳ್ಳಿ, ಆಗ ಅದನ್ನು ಕೇಳುವವರಿಲ್ಲ. ರೂಮಿಗೆ ಬೇಕಾದಷ್ಟು ಚೌಕಾಸಿ ಮಾಡಿ. ಬೆಟ್ಟಕ್ಕೆ ಮಾತ್ರ ಮೊದಲ ದಿನವೇ, ಬೆಳಗಿನ ಮೊದಲ ಕಾರಿಗೆ, ಪೂರ್ತಿ ರೇಟು ಕೊಟ್ಟು ಹತ್ತಿ. ಮತ್ತೆ, ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಗೇರುಬೀಜ ಇರಲಿ. ದುಡ್ಡು ಮುಟ್ಟದವರಿಗೆ ಕೊಡಲು ಅವತ್ತು ನನ್ನ ಹತ್ತಿರ ಏನೂ ಇರಲಿಲ್ಲ.