ಗಂಗವ್ವ ಹಿಡಿದುಕೊಟ್ಟ ವಾಲ್ವ್

ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ನಾನು ಮುನವಳ್ಳಿ ರಸ್ತೆಯ ಕಾರ್ಖಾನೆಯೊಂದರಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ. ತಿಂಡಿ ಪೊಟ್ಟಣಗಳ ಪ್ಲಾಸ್ಟಿಕ್ ಹಾಳೆಗೆ ಬಣ್ಣದ ಅಚ್ಚು ಹಾಕುವುದು ಅಲ್ಲಿಯ ಕೆಲಸ. ಬಣ್ಣ ಒಣಗುವಾಗ ಏಳುವ ವಿಷದ ಆವಿಯನ್ನು ಆರ್‌ಟಿಒ ಎಂಬ ಯಂತ್ರ ಸುಡುತ್ತಿತ್ತು. ಅದಕ್ಕೆ ಸೆರಾಮಿಕ್ ತುಂಡು ತುಂಬಿದ ಮೂರು ಗೋಪುರಗಳು. ಆವಿಯು ಕಾದ ಗೋಪುರವೊಂದರಲ್ಲಿ ಏರಿ, ಮೇಲಿನ ಕೋಣೆಯಲ್ಲಿ ಎಂಟುನೂರು ಡಿಗ್ರಿ ದಾಟಿದ ಶಾಖಕ್ಕೆ ಉರಿದು, ಇನ್ನೊಂದರಲ್ಲಿ ಇಳಿಯುವಾಗ ಆ ಶಾಖವನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ. ಎರಡು ನಿಮಿಷಕ್ಕೊಮ್ಮೆ ದಿಕ್ಕು ಬದಲು. ಆಗ ಗೋಪುರದಲ್ಲಿ ಸುಡದೆ ಉಳಿದ ಹಸಿ ಆವಿಯನ್ನು ಶುದ್ಧ ಗಾಳಿಯಿಂದ ಉರಿಯುವ ಕೋಣೆಗೆ ತಳ್ಳಲು ಪರ್ಜ್ ವಾಲ್ವ್ ತೆರೆದುಕೊಳ್ಳಬೇಕು.

ಬೇಲಿಯಾಚೆ ಮೆಣಸಿನಕಾಯಿ ಬೆಳೆಯುತ್ತಿದ್ದ ಗಂಗವ್ವ ಘಾಟಿನ ದೂರು ಹೊತ್ತು ಗೇಟಿಗೆ ಬಂದದ್ದು ಅದು ಮೂರನೆಯ ಸಲ. ಆಕೆಯ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ಮೀಟರ್ ಎಂಟನೂರಾ ಇಪ್ಪತ್ತು ಡಿಗ್ರಿ ತೋರಸಾಕತ್ತೈತಿ. ಎಲ್ಲಾ ಬರೋಬರಿ ಐತಿ," ಎಂದರು ಮ್ಯಾನೇಜರ್.

"ಮೀಟರಿಗೆ ಕಣ್ಣ ಉರೀತಾವೇನ್ರಿ, ಸಾಹೇಬ್ರ?" ಎಂದಳು ಗಂಗವ್ವ.

ನಾನು ಆಕೆಯ ಜೊತೆ ಹೊಲಕ್ಕೆ ಹೋದೆ. "ವಾಸನಿ ಒಂದ ಸಮ ಬರೂದಿಲ್ರಿ ಅಕ್ಕಾರ. ಬರತೈತಿ, ಹೋಗತೈತಿ, ಮತ್ತ ಬರತೈತಿ," ಎಂದಳು. ಕೈಗಡಿಯಾರ ನೋಡುತ್ತ ನಿಂತೆ. ಸರಿಯಾಗಿ ಎರಡು ನಿಮಿಷಕ್ಕೊಮ್ಮೆ ಘಾಟು ಮೂಗಿಗೆ ಬಡಿಯಿತು. ಗೋಪುರಗಳ ದಿಕ್ಕು ಬದಲಾಗುವ ಲೆಕ್ಕವೂ ಅದೇ.

ಕಂಟ್ರೋಲ್ ರೂಮಿನ ಪರದೆಯಲ್ಲಿ ಪರ್ಜ್ ವಾಲ್ವ್ 'ತೆರೆದಿದೆ' ಎಂದೇ ಇತ್ತು. ನಾನು ನಂಬಲಿಲ್ಲ. ಮುದ್ರಣ ನಿಲ್ಲಿಸಲು ಹೇಳಿದೆ.

ಮ್ಯಾನೇಜರ್ ಓಡಿ ಬಂದರು. "ಆಕಿ ಮೂಗ ನಂಬಿ ಫ್ಯಾಕ್ಟರಿ ಬಂದ್ ಮಾಡ್ತೀರಿ? ನಾಳಿಂದ ಕೆಲಸಕ್ಕ ಬರಬ್ಯಾಡ್ರಿ!"

"ನಾಳಿ ಮಾತು ನಾಳಿಗೆ. ಇವತ್ತ ವಾಲ್ವ್ ಬಿಚ್ಚಿ ನೋಡೇ ಹೋಗತೇನ್ರಿ."

ಕೊಳವೆಗಳಲ್ಲಿ ಶುದ್ಧ ಗಾಳಿ ಹಾಯಿಸಿ, ಬೋಲ್ಟು ಬಿಚ್ಚಿಸಿದೆ. ಹೊರಗಿನ ಸನ್ನೆಕೋಲು ಚೆನ್ನಾಗಿಯೇ ತಿರುಗುತ್ತಿತ್ತು; ಅದನ್ನು ಒಳಗಿನ ಮುಚ್ಚಳಕ್ಕೆ ಜೋಡಿಸುವ ಪಿನ್ನು ಮುರಿದು, ಮುಚ್ಚಳ ಮುಚ್ಚಿಯೇ ಇತ್ತು. ಪರದೆ ತೋರಿಸುತ್ತಿದ್ದದ್ದು ಸನ್ನೆಕೋಲಿನ ಚಲನೆಯನ್ನು ಮಾತ್ರ. ದಿಕ್ಕು ಬದಲಾದಾಗಲೆಲ್ಲ ಒಂದು ಗುಟುಕು ಹಸಿ ಆವಿ ಚಿಮಣಿ ಸೇರುತ್ತಿತ್ತು. ಮ್ಯಾನೇಜರ್ ಬಗ್ಗಿ ನೋಡಿ, "ಹೊಸಾ ಪಿನ್ನ ಮಾಡಸ್ರಿ," ಎಂದರು.

ಮುನವಳ್ಳಿಯ ಲೇತ್ ಅಂಗಡಿಯಲ್ಲಿ ಹೊಸ ಪಿನ್ನು ಮಾಡಿಸಿ ಕೂರಿಸಿದೆವು. ಯಂತ್ರ ಮತ್ತೆ ಶುರುವಾದಾಗ ಗಂಗವ್ವ ಮತ್ತು ನಾನು ಬೇಲಿಯ ಬಳಿ ಅರ್ಧ ತಾಸು ನಿಂತೆವು. ಮೆಣಸಿನ ಗಿಡದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ಹೊಲದ ಕಡೆ ಹೋಗಿ ನಿಂತು ಬಾರದೆ ನಾನು ಒಂದು ದಿನವೂ ಯಂತ್ರದ ದಾಖಲೆಗೆ ಸಹಿ ಹಾಕಲಿಲ್ಲ. ನೌಕರಿ ಕಲಿಸಿದ್ದು ಅಷ್ಟೇ. ಅನುಮತಿಯಿಲ್ಲದೆ ಉತ್ಪಾದನೆ ನಿಲ್ಲಿಸಿದ್ದೇಕೆಂದು ಕಾರಣ ಕೇಳಿ ಆ ವಾರವೇ ಕಂಪನಿಯಿಂದ ನೋಟಿಸು ಬಂದಿತ್ತು. ಅದರ ಕೆಳಗೇ ಬರೆದು ಕಳಿಸಿದ್ದೆ: "ಘಾಟು ಹೊರಗೆ ಹೋಗುತ್ತಿತ್ತು, ನಿಲ್ಲಿಸಿದೆ. ಮತ್ತೆ ಹೋದರೆ ಮತ್ತೆ ನಿಲ್ಲಿಸುತ್ತೇನೆ."