ನನಗೆ ಬಸ್ಸು ಆಗಲ್ಲ ಅಂದವಳು

ನನಗೆ ಬಸ್ಸು ಆಗದ ಹಾಗೆ ಮಾಡಿದ್ದು ನನ್ನ ಹೊಟ್ಟೆಯಲ್ಲ, ನನ್ನ ವಾರಗಿತ್ತಿಯ ಬಲಗೈ ಹೆಬ್ಬೆರಳು. ದಪ್ಪ ಬೆರಳು ಅದು. ಸುಣ್ಣಕ್ಕೆ ತುದಿಯ ಚರ್ಮ ಬಿರಿದು, ಉಗುರು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಆ ಬೆರಳಲ್ಲಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಕೊಟ್ಟರೆ ಬೇಡ ಅನ್ನುವವರು ನಮ್ಮೂರಲ್ಲಿ ಇರಲಿಲ್ಲ. ನಾನೂ ಅನ್ನಲಿಲ್ಲ. ಕೆಟ್ಟಿದ್ದು ಅಲ್ಲೇ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅಂತಿದ್ದೆ. ದೇವನಹಳ್ಳಿ ಕಡೆಯ ವಿಜಯಪುರದ ಪಕ್ಕದ ಹಳ್ಳಿ ನಮ್ಮದು, ರೇಷ್ಮೆ ಹುಳ ಮೇಯಿಸುವ ಮನೆ. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಸುಳ್ಳು ಯಾಕೆ ಹೇಳಲಿ. ಹುಳದ ಮನೆ ಹತ್ತಿರ ಯಾರಾದರೂ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಸೌಟು ಕಿತ್ತುಕೊಂಡು ಬೀದಿಗೆ ಎಸೆಯೋಳು. ಹೊಗೆಸೊಪ್ಪು ಅಂದರೆ ಹುಳಕ್ಕೆ ವಿಷ. ಅದಕ್ಕೇ ಎಲೆ ಉಗಿದು, ಬಾಯಿ ಮುಕ್ಕಳಿಸಿ, ಬೂದಿ ಹಾಕಿ ಕೈ ತಿಕ್ಕಿ ತೊಳೆದು ಆಮೇಲೆ ಒಳಗೆ ಕಾಲಿಡೋಳು. ಹುಳಕ್ಕೆ ತೋರಿಸಿದ ಆ ಮರ್ಯಾದೆ ನನಗೆ ತೋರಿಸಲಿಲ್ಲ.

ನಾನು ಮದುವೆಯಾಗಿ ಬಂದ ಹೊಸತು. ರೇಷ್ಮೆಗೂಡು ಮಾರಿ ತಟ್ಟೆ ಖಾಲಿಯಿದ್ದ ದಿನ ಮನೆಯವರೆಲ್ಲ ಘಾಟಿ ದೇವಸ್ಥಾನಕ್ಕೆ ಹೊರಟೆವು, ಬಸ್ಸಲ್ಲಿ. ಅವಳೇ ನನ್ನನ್ನು ಕಿಟಕಿ ಪಕ್ಕ ಕೂರಿಸಿ ಎಲೆ ಮಡಿಚಿ ಕೊಟ್ಟಳು.

"ಅಗೀ ಕಣೇ, ನಾಚ್ಕೊಬೇಡ. ಬಾಯಿ ಕೆಂಪಗಾಗ್ಲಿ, ನಿನ್ ಗಂಡ ತಿರುಗಿ ನೋಡ್ಲಿ."

ದೇವನಹಳ್ಳಿ ಬರೋ ಹೊತ್ತಿಗೆ ತಲೆ ಗಿರ್ರಂತ ತಿರುಗಿ, ಅತ್ತೆಯ ರೇಷ್ಮೆ ಸೀರೆ ಮೇಲೆಲ್ಲ ವಾಂತಿ ಮಾಡಿಕೊಂಡೆ. ಅತ್ತೆ ಬೈದಿದ್ದು ಬಸ್ಸಿಗೆಲ್ಲ ಕೇಳಿಸಿತು. ವಾರಗಿತ್ತಿ ನನ್ನ ಬೆನ್ನು ನೀವುತ್ತ, "ಬೈಬೇಡಿ ಅತ್ತೆ, ಪಾಪ, ಇವಳಿಗೆ ಬಸ್ಸು ಆಗಲ್ಲ" ಅಂದಳು.

ಅವತ್ತಿಗೆ ಮುಗೀತು. ಮದುವೆ, ನಾಮಕರಣ, ಧರ್ಮಸ್ಥಳ, ಎಲ್ಲಿಗೆ ಹೊರಟರೂ ಮನೆಯಲ್ಲಿ ಉಳಿಯೋಳು ನಾನು, ನನ್ನ ಜೊತೆಗೆ ತಟ್ಟೆ ತುಂಬ ಹುಳ. ನಾನೂ ನಂಬಿದ್ದೆ. ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಹೊಟ್ಟೆ ತೊಳಸೋದು. ಆಸ್ಪತ್ರೆಗೆ ಅಂತ ಹೋದರೂ ಮಗನ ಸ್ಕೂಟರ್ ಹಿಂದೆ ಕೂತು ಹೋಗುತ್ತಿದ್ದೆ. ಅವಳು ಊರೆಲ್ಲ ಸುತ್ತಿಕೊಂಡು ಬಂದು ನನ್ನ ಮುಂದೆ ಬಳೆ, ಕಡ್ಲೆಪುರಿ ಸುರಿಯೋಳು.

"ಸಮುದ್ರ ಹೆಂಗಿತ್ತಕ್ಕ?" ಅಂತ ಒಂದು ಸಲ ಕೇಳಿದೆ.

"ನಮ್ ಕೆರೆನೇ ಕಣೇ, ಉಪ್ಪು ಜಾಸ್ತಿ ಆಗಿದೆ ಅಷ್ಟೇ. ನೀನೇನೂ ಕಳ್ಕೊಂಡಿಲ್ಲ."

ಸಮುದ್ರ ಹೋಗಲಿ. ನನ್ನ ತವರು ನೆಲಮಂಗಲದ ಆಚೆ. ಅವ್ವ ಹಾಸಿಗೆ ಹಿಡಿದು ನನ್ನ ಹೆಸರೇ ಕರೀತಿದೆ ಅಂತ ತಮ್ಮ ಹೇಳಿ ಕಳಿಸಿದ. ಆಗ ಹುಳ ಕೊನೆಯ ಮೇವಿನಲ್ಲಿತ್ತು, ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ನಾನು ಸೀರೆ ಬದಲಾಯಿಸಿಕೊಂಡು ಬಾಗಿಲಿಗೆ ಬಂದೆ. ವಾರಗಿತ್ತಿ ಅಡ್ಡ ನಿಂತಳು.

"ಎರಡು ಬಸ್ಸು ಹತ್ತಿ ಇಳೀಬೇಕು, ದಾರೀಲಿ ಬಿದ್ದೋಗ್ತೀಯ. ಹುಳ ಹಣ್ಣಾಗ್ಲಿ, ಗೂಡಿಗೆ ಬಿಟ್ಬಿಟ್ಟು ಕಾರು ಮಾಡಿ ಕಳಿಸ್ತೀನಿ. ನಾನಿಲ್ವಾ, ಸುಮ್ನಿರು."

ನಾನಿಲ್ವಾ, ಸುಮ್ನಿರು. ಅವಳ ಬಾಯಲ್ಲಿ ಯಾವಾಗಲೂ ಇದ್ದ ಮಾತು ಅದು. ನಾನು ಸುಮ್ಮನಿದ್ದೆ. ಹುಳ ಮೇವು ಬಿಟ್ಟು ಹಣ್ಣಾಯಿತು, ಗೂಡು ಕಟ್ಟಿತು. ಕಾರು ತವರು ಮುಟ್ಟುವ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡುತ್ತಿದ್ದರು. ನನ್ನ ಜೊತೆ ಬಂದಿದ್ದ ವಾರಗಿತ್ತಿ ನನಗಿಂತ ಜೋರಾಗಿ ಅತ್ತಳು.

ನನಗೆ ಹಾಲು ಬತ್ತಿದಾಗ ನನ್ನ ಎರಡನೇ ಮಗಳಿಗೆ ಹಾಲು ಕುಡಿಸಿದವಳೂ ಅವಳೇ. ಅದನ್ನು ಅಳಿಸಲ್ಲ. ಇದನ್ನೂ ಅಳಿಸಲ್ಲ.

ಕೊನೆಗಾಲಕ್ಕೆ ಸೊಂಟ ಮುರಿದುಕೊಂಡು ಮಲಗಿದಳು. ಹಲ್ಲು ಉದುರಿದ್ದವು, ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ನಾನೇ ಬಾಯಿಗೆ ಇಡುತ್ತಿದ್ದೆ. ಒಂದು ಮಧ್ಯಾಹ್ನ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದು ನನಗೆ ವಾಕರಿಕೆ ಬಂತು. ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಅವತ್ತು ಬಸ್ಸಲ್ಲೂ ಹಿಂಗೇ ಮುಖ ಮಾಡಿದ್ದೆ ಕಣೇ. ಒಂದು ಚೂರು ಹೊಗೆಸೊಪ್ಪು ಸೇರಿಸಿದ್ದೆ, ಉಗುರಿನಷ್ಟು. ಅಷ್ಟಕ್ಕೇ ಅತ್ತೆ ಸೀರೆ ಹಾಳು ಮಾಡ್ಬಿಟ್ಟೆ."

ನನ್ನ ಕೈ ನಿಂತಿತು. "ಯಾಕಕ್ಕ?"

"ಇನ್ಯಾಕೆ? ನೀನು ಬರೋಕೆ ಮುಂಚೆ ಹುಳ ಕಾಯೋಳು ನಾನಾಗಿದ್ದೆ. ನೀನೂ ಗಟ್ಟಿಯಾಗಿ ಓಡಾಡ್ಕೊಂಡಿದ್ದಿದ್ರೆ ಅತ್ತೆ ಮತ್ತೆ ನನ್ನನ್ನೇ ಕೂರಿಸ್ತಿರ್ಲಿಲ್ವಾ? ಹಳೇದು ಬಿಡು. ಕುಟ್ಟು, ಬಾಯಿ ಸಪ್ಪಗಾಗ್ತಿದೆ."

ಕುಟ್ಟಿದೆ. ಅವಳು ಸಾಯುವ ತನಕ ಹೊಗೆಸೊಪ್ಪು ಹಾಕಿಯೇ ಕುಟ್ಟಿ ಕೊಟ್ಟೆ. ಹಾಸಿಗೆ ಹಿಡಿದವರ ಬಾಯಿಂದ ಕಿತ್ತುಕೊಳ್ಳೋದು ನನಗೆ ಬರಲ್ಲ. ಮನಸ್ಸಲ್ಲಿ ಅವ್ವನ ಮುಖ ಇತ್ತು.

ತಿಥಿ ದಿನ ಸೊಪ್ಪಿನ ತೋಟದಲ್ಲಿ ಅವಳನ್ನು ಮಣ್ಣು ಮಾಡಿದ ಗುಡ್ಡೆ ಮುಂದೆ ಎಡೆ ಇಟ್ಟೆವು. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಅವಳಿಗೆ ಇಷ್ಟವಾದದ್ದೆಲ್ಲ. ಅವಳ ಮಗ ನನ್ನ ಕಡೆ ತಿರುಗಿ, "ಎಲೆ ಅಡಿಕೆ ನೀನೇ ಇಡು ಚಿಕ್ಕವ್ವ, ನಿನಗೇ ಗೊತ್ತು ಅದರ ಅಳತೆ" ಅಂದ. ಎಲೆ ಇಟ್ಟೆ, ಅಡಿಕೆ ಇಟ್ಟೆ, ಸುಣ್ಣ ಇಟ್ಟೆ. ಹೊಗೆಸೊಪ್ಪಿನ ಪೊಟ್ಟಣ ನನ್ನ ಸೆರಗಿನ ಗಂಟಿನಲ್ಲೇ ಉಳಿಯಿತು.

ಕಾಗೆ ಬಂತು. ನುಗ್ಗೆ ಮರದ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿತು. ಕೆಳಗೆ ಇಳಿಯಲಿಲ್ಲ.

ಬಿಸಿಲು ಏರಿತು. ಎಡೆ ಮುಟ್ಟದೆ ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಮಗ ಕೈ ಮುಗಿದ: "ನಿನ್ ಮೊಮ್ಮಗಳ ಮದುವೆ ಚೆನ್ನಾಗಿ ಮಾಡ್ತೀವಿ, ಬಾರವ್ವ." ಕಾಗೆ ರೆಕ್ಕೆ ಕೆದರಿಕೊಂಡಿತು. "ಕೊಳವೆಬಾವಿ ಪಾಲು ತಮ್ಮನಿಗೂ ಕೊಡ್ತೀನಿ, ಬಾರವ್ವ." ಅದಕ್ಕೂ ಇಳಿಯಲಿಲ್ಲ.

"ಏನೋ ಆಸೆ ಉಳ್ಕೊಂಡಿದೆ" ಅಂದಳು ಪಕ್ಕದ ಮನೆಯವಳು. ಬಗ್ಗಿ ಎಡೆ ನೋಡಿ ನನ್ನನ್ನು ನೋಡಿದಳು. "ಹೊಗೆಸೊಪ್ಪು ಎಲ್ಲೇ? ಅದಿಲ್ದೆ ಅವಳು ಒಂದು ದಿನ ಇದ್ದೋಳಾ?"

ಎಲ್ಲರೂ ನನ್ನ ಕಡೆ ತಿರುಗಿದರು.

"ಬೇಡ" ಅಂದೆ. "ಅಷ್ಟು ದೂರ ಹೊರಟಿದ್ದಾಳೆ. ದಾರೀಲಿ ವಾಂತಿ ಆಗುತ್ತೆ."

"ಇದೇನ್ ಮಾತು ಚಿಕ್ಕವ್ವ? ಇದ್ರೆ ಕೊಡು" ಅಂತ ಮಗ ಕೈ ಚಾಚಿದ. ಅವನ ಹೆಬ್ಬೆರಳೂ ಅವಳದೇ ಥರ. ನಾನು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಹಾಗೇ ನಿಂತೆ. ಕೊನೆಗೆ ಎಡೆಯನ್ನು ಹಸುವಿಗೆ ಹಾಕಿ ಊಟಕ್ಕೆ ಎದ್ದರು. ಕಾಗೆ ಹಾರಿಹೋಯಿತು. ಹೋಗಲಿ. ಕಾದು ಕೂರುವುದು ಹೇಗಿರುತ್ತೆ ಅಂತ ಅವಳಿಗೂ ಗೊತ್ತಾಗಲಿ.

ಮಾರನೆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಆ ಪೊಟ್ಟಣವನ್ನು ಬೇರೆ ಸೀರೆಯ ಸೆರಗಿಗೆ ಕಟ್ಟಿಕೊಂಡು, ಆಧಾರ್ ಕಾರ್ಡ್ ತಗೊಂಡು ಹೊರಟೆ. ಅವಳ ಸೊಸೆ, "ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ ಅತ್ತೆ? ನಿಮಗೆ ಬಸ್ಸು ಬೇರೆ ಆಗಲ್ಲ!" ಅಂತ ಬಾಗಿಲ ತನಕ ಬಂದಳು. "ನೀವಿಲ್ವಾ" ಅಂದೆ.

ಬಸ್ಸಲ್ಲಿ ಕಿಟಕಿ ಪಕ್ಕ ಕೂತೆ. ಹೆಂಗಸರಿಗೆ ಈಗ ಫ್ರೀ. "ಎಲ್ಲಿಗಜ್ಜಿ?" ಅಂದ ಕಂಡಕ್ಟರ್. "ನೆಲಮಂಗಲ." "ದೊಡ್ಡಬಳ್ಳಾಪುರದಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು." "ಹತ್ತುತ್ತೀನಿ ಬಿಡಪ್ಪ."

ದೇವನಹಳ್ಳಿ ಬಂತು. ಸೆರಗಿನ ಗಂಟು ಬಿಚ್ಚಿ ಹೊಗೆಸೊಪ್ಪಿನ ಪೊಟ್ಟಣವನ್ನು ಕಿಟಕಿಯಿಂದ ಆಚೆಗೆ ಎಸೆದೆ. ಆಮೇಲೆ ಕಟ್ಟಿಕೊಂಡು ಬಂದಿದ್ದ ಅವಳ ತಿಥಿಯ ಕಜ್ಜಾಯ ಎರಡು ತಿಂದೆ. ತವರು ಮುಟ್ಟುವ ತನಕ ಒಂದು ತೇಗು ಬಂತು, ಅಷ್ಟೇ.