ರಾಜಮುಡಿಯ ಪದಕ

ನಿನ್ನೆ ಬೆಳಿಗ್ಗೆ ನಮ್ಮ ಸೊಸೆ ರೂಪಾ ಹಿತ್ತಿಲ ಕಟ್ಟೆಯ ಮೇಲೆ ಕೂತು ದೇವರ ಸಾಮಾನು ತಿಕ್ಕುತ್ತಿದ್ದಳು. ನೆನೆಸಿದ ಹುಣಸೆಹಣ್ಣಿನ ಹುಳಿ ವಾಸನೆ ಅಡುಗೆಮನೆಯವರೆಗೂ ಬಂತು. ನನಗೆ ಆ ವಾಸನೆ ಬಂದರೆ ಸುಮ್ಮನೆ ಕೂರಲಾಗುವುದಿಲ್ಲ. ಹೋಗಿ, "ಬೆಳ್ಳಿ ದೀಪಕ್ಕೆ ಅಷ್ಟು ಒತ್ತಬೇಡ ಕಣೇ, ಸವೆದುಹೋಗ್ತದೆ" ಅಂದೆ.

"ಸವೀಲಿ ಬಿಡಿ ಅತ್ತೆ, ಹೊಳೀತೈತಲ್ಲ" ಅಂದಳು ಅವಳು, ತಲೆ ಎತ್ತದೆ.

ಮಾತು ಸರಿಯಾಗಿಯೇ ಇತ್ತು. ಆದರೆ ಶ್ರೀಕಂಠಯ್ಯನವರು ಕೇಳಿದ್ದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. "ನಾಣ್ಯ ತಿಕ್ಕೋರ ಮನೇಲಿ ನಾನು ನೀರೂ ಕುಡಿಯೋದಿಲ್ಲ" ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು.

ಶ್ರೀಕಂಠಯ್ಯನವರು ಯಾರೆಂದರೆ, ನಾವು ನಮ್ಮೂರು ಬೆಳಗೋಡಿಗೆ ವಾಪಸು ಬರುವುದಕ್ಕೆ ಮುಂಚೆ, ಯಜಮಾನರಿಗೆ ಮೈಸೂರಿನಲ್ಲಿ ಕೆಲಸವಿದ್ದ ಕಾಲದಲ್ಲಿ, ನನಗೆ ಕೆಲಸ ಕಲಿಸಿದ ಗುರುಗಳು. ಅಲ್ಲಿ ಒಂದು ಸಣ್ಣ ಮ್ಯೂಸಿಯಂ ಇತ್ತು. ಅದರ ಹಿಂಭಾಗದ ಕೋಣೆಯಲ್ಲಿ ನಾಣ್ಯ ಮತ್ತು ಪದಕಗಳ ಸಂಗ್ರಹ. ಅದರ ಮೇಲ್ವಿಚಾರಕರು ಅವರು. ಪ್ರತಿಯೊಂದಕ್ಕೂ ವಿವರದ ಚೀಟಿ ಬರೆಯಲು ತಾತ್ಕಾಲಿಕವಾಗಿ ಒಬ್ಬರು ಬೇಕಾಗಿದ್ದರು. ನನಗೆ ಇತಿಹಾಸದ ಎಂ.ಎ. ಇತ್ತು, ಮನೆಯಲ್ಲಿ ಕೂತು ಬೇಜಾರೂ ಇತ್ತು. ನಾಣ್ಯದ ಮೇಲೆ ಪ್ರೀತಿಯಿಂದ ಹೋದವಳು ನಾನು ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಆ ಕೋಣೆಯಲ್ಲಿ ಒಳ್ಳೆಯ ಫ್ಯಾನ್ ಇದೆ ಎಂಬುದೇ ನನಗೆ ಮೊದಲು ಹಿಡಿಸಿದ್ದು. ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಚೀಟಿಗಳು ಹಾರುತ್ತವೆಂದು ಶ್ರೀಕಂಠಯ್ಯನವರು ಅದನ್ನು ಹಾಕಲು ಬಿಡುವುದಿಲ್ಲ ಅಂತ.

ಅವರು ನಾಣ್ಯಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಇವರು ವಿಜಯನಗರದವರು, ಸ್ವಲ್ಪ ಮೆತ್ತಗೆ ಹಿಡ್ಕೋಮ್ಮ" ಅನ್ನುವರು. ಧಾನ್ಯದ ಕಾಳಿನಷ್ಟೇ ಇರುವ, 'ಹಣ' ಎಂಬ ಚಿನ್ನದ ನಾಣ್ಯಗಳನ್ನು ನನ್ನ ಮುಂದೆ ಸುರಿದು, ಭೂತಗನ್ನಡಿ ಕೊಟ್ಟು, "ಏನು ಕಾಣ್ತದೆ?" ಎಂದು ಕೇಳುವರು. ನನಗೆ ಚುಕ್ಕಿಗಳು ಕಾಣುತ್ತಿದ್ದವು, ಅವರಿಗೆ ಸಿಂಹ ಕಾಣುತ್ತಿತ್ತು. ಎಷ್ಟೋ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೂ ಸಿಂಹದ ಬಾಲ ಕಂಡಿತು. ಆವತ್ತು ಅವರು ತಮ್ಮ ಡಬ್ಬಿಯ ಪುಳಿಯೋಗರೆಯಲ್ಲಿ ನನಗೂ ಪಾಲು ಕೊಟ್ಟರು. ನೋಡುವುದನ್ನು ಕಲಿಯುವುದಕ್ಕೂ ಇಷ್ಟು ಕಾಲ ಹಿಡಿಯುತ್ತದೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಪದಕಗಳ ಡ್ರಾಯರ್‌ಗಳ ಕಡೆ ಅವರಿಗೆ ಅಷ್ಟು ಒಲವಿರಲಿಲ್ಲ. ರಾಜರಿಲ್ಲದ ಲೋಹ ಅವರಿಗೆ ಸಪ್ಪೆ. ಹಾಗಾಗಿ ಅವನ್ನು ನನಗೆ ಬಿಟ್ಟರು. ಕುಸ್ತಿಯಲ್ಲಿ ಗೆದ್ದವರದ್ದು, ಕುದುರೆ ಓಟದ್ದು, ಶಾಲೆಯಲ್ಲಿ ಮೊದಲು ಬಂದವರದ್ದು, ಹೀಗೆ ಒಂದೊಂದೇ ತೆಗೆದು ನೋಡುತ್ತಿದ್ದಾಗ ಒಂದು ಬೆಳ್ಳಿಯ ಪದಕ ಕೈಗೆ ಬಂತು. ಮುಂದೆ ಗಂಡಭೇರುಂಡ. ಹಿಂದೆ ಕನ್ನಡದಲ್ಲಿ ಕೆತ್ತಿದ ಅಕ್ಷರ: ಅತ್ಯುತ್ತಮ ರಾಜಮುಡಿ ಭತ್ತಕ್ಕಾಗಿ. ಅದರ ಕೆಳಗೆ ಕುಂದೂರು ಹೋಬಳಿ. ನಡುವೆ ಒಂದು ಹೆಸರು.

ಆಲೂರಿನ ಆಚೆಯ ಕುಂದೂರು. ನನ್ನ ಚಿಕ್ಕಮ್ಮನನ್ನು ಕೊಟ್ಟ ಊರಿನ ಪಕ್ಕ. ಚಂದ್ರಗುಪ್ತ, ಕೃಷ್ಣದೇವರಾಯರ ನಡುವೆ ನಮ್ಮ ಕಡೆಯವರೊಬ್ಬರು ಸಿಕ್ಕಿದಂತಾಗಿ ನಾನು ಎದ್ದು ಕಿಟಕಿಯ ಬಳಿಗೆ ಹೋದೆ. ಆದರೆ ಹೆಸರು ಪೂರ್ತಿ ಓದಲಾಗಲಿಲ್ಲ. 'ಪುಟ್ಟ' ಎನ್ನುವುದನ್ನು ಹೇಗೋ ಓದಬಹುದಿತ್ತು. ಆಮೇಲಿನ ಅಕ್ಷರ ಸವೆದು, ಒತ್ತು ಬರೀ ಒಂದು ಗೀರಾಗಿ ಉಳಿದಿತ್ತು. ಬಿಸಿಲಿಗೆ ಓರೆಯಾಗಿ ಹಿಡಿದರೆ 'ಪುಟ್ಟಮ್ಮ' ಎಂದು ಕಾಣುತ್ತಿತ್ತು.

ಶ್ರೀಕಂಠಯ್ಯನವರು ನೋಡಿ, "ಪುಟ್ಟಣ್ಣ" ಅಂದರು.

"ಮ್ಮ ಅಂತ ಕಾಣ್ತದೆ ಸರ್."

"ಆಗಿನ ಕಾಲಕ್ಕೆ ಜಮೀನು ಇದ್ದದ್ದು ಗಂಡಸರ ಹೆಸರಲ್ಲಿ. ಬಹುಮಾನ ಜಮೀನ್ದಾರನಿಗೆ. ಹೆಂಗಸಿಗೆ ಭತ್ತದ ಪದಕ ಕೊಟ್ಟದ್ದು ನಾನು ಎಲ್ಲೂ ನೋಡಿಲ್ಲ. ಪುಟ್ಟಣ್ಣ ಅಂತ ಬರಿ."

ಸಾಮಾನ್ಯವಾಗಿ ನಾನು ಅವರ ಮಾತು ಮೀರುತ್ತಿರಲಿಲ್ಲ. ಆವತ್ತು ಯಾಕೋ ಪೆನ್ನು ಮುಂದೆ ಹೋಗಲಿಲ್ಲ. ಒಂದು ಸಲ ಚೀಟಿ ಬರೆದಿಟ್ಟರೆ ಇನ್ನು ಯಾರು ತೆಗೆದು ನೋಡುತ್ತಾರೆ? ಅಲ್ಲಿಂದ ಮುಂದೆ ಅವನು ಪುಟ್ಟಣ್ಣನೇ. "ಊರಿಗೆ ಹೋದಾಗ ವಿಚಾರಿಸ್ತೀನಿ, ಅಲ್ಲಿವರೆಗೆ ಬಿಡಿ ಸರ್" ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ತೋರಿಸು, ಒಪ್ಕೋತೀನಿ" ಅಂದರು. ಅದರಲ್ಲಿ ಕೋಪವಿರಲಿಲ್ಲ. ಇನ್ನೊಂದು ವಿಚಿತ್ರವನ್ನೂ ಅವರೇ ತೋರಿಸಿದರು: ಪದಕ ಬೆಳ್ಳಿಯದು, ತೂಗುಹಾಕುವ ಕೊಂಡಿ ಮಾತ್ರ ತಾಮ್ರದ್ದು, ಅದೂ ಸ್ವಲ್ಪ ಸೊಟ್ಟ. ಯಾರೋ ಹಳ್ಳಿಯ ಆಚಾರಿ ಮಾಡಿದ ರಿಪೇರಿ. "ಹಾಸನದ ಬೆಳ್ಳಿ ಅಂಗಡಿಯವರು ಕರಗಿಸೋಕೆ ಮನಸ್ಸಾಗದೆ ನಮಗೆ ಕೊಟ್ಟರು, ಅಷ್ಟೇ ನನಗೆ ಗೊತ್ತಿರೋದು" ಅಂದರು.

ಮುಂದಿನ ರಜೆಯಲ್ಲಿ ಊರಿಗೆ ಬಂದವಳು ಬಾಳ್ಳುಪೇಟೆಯಲ್ಲಿ ಇಳಿದು ಕುಂದೂರಿನ ಕಡೆ ಹೊರಟೆ. ಪತ್ತೇದಾರಿಗೆ ಹೊರಟವಳ ಗತ್ತು ಬಸ್ಸಿನಲ್ಲಿ ಕೂತಿರುವವರೆಗೆ ಇತ್ತು. ಕುಂದೂರಿನ ಹೋಟೆಲಿನ ಮುಂದೆ ನಿಂತು ರಾಜಮುಡಿ ಭತ್ತಕ್ಕೆ ಪದಕ ಪಡೆದ ಪುಟ್ಟಮ್ಮ ಯಾರೆಂದು ಕೇಳಿದಾಗ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟಮ್ಮ ಎನ್ನುವವಳೇ ಯಾರಿಗೂ ಗೊತ್ತಿಲ್ಲ. ಟೀ ಕುಡಿಯುತ್ತಿದ್ದ ಒಬ್ಬರು, "ಪದಕ ಅಂದ್ರೆ ದೊಡ್ಡೇಗೌಡ್ರದ್ದು ಕಣಮ್ಮ. ಮದ್ವೆ ಮನೆಗೆಲ್ಲ ಕೋಟಿಗೆ ಸಿಗಿಸ್ಕಂಡು ಬರೋರು. ತೀರ್ಕಂಡು ಬೋ ವರ್ಷ ಆಯ್ತು, ಮಗ ಅವ್ನೆ ನೋಡಿ" ಎಂದು ದಾರಿ ತೋರಿಸಿದರು.

ದೊಡ್ಡೇಗೌಡರ ಮಗ ನಂಜೇಗೌಡರು ಅಂಗಳದಲ್ಲಿ ಶುಂಠಿ ಬಿತ್ತನೆಗೆ ಗಡ್ಡೆ ಆರಿಸುತ್ತಿದ್ದರು. ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಪದಕ ತಮ್ಮ ತಂದೆಯದೇ ಅಂದರು. ಮಗಳಿಗೆ ಕಾಲ್ಗೆಜ್ಜೆ ಮಾಡಿಸುವಾಗ ಮನೆಯ ಹಳೇ ಬೆಳ್ಳಿಯ ಜೊತೆ ಅದನ್ನೂ ಹಾಸನದ ಅಂಗಡಿಗೆ ಹಾಕಿದ್ದು ತಾವೇ ಎಂದೂ ಹೇಳಿದರು.

"ಅದರಲ್ಲಿ ಪುಟ್ಟ ಅಂತೇನೋ ಹೆಸರಿದೆಯಲ್ಲ" ಅಂದೆ.

"ಪುಟ್ಟಣ್ಣ ಇರ್ಬೇಕು. ಚಿಕ್ಕೋರಿದ್ದಾಗ ಮನೇಲಿ ಹಂಗೇ ಕರೀತಿದ್ರೇನೋ."

ನನ್ನ ಉತ್ಸಾಹ ಇಳಿಯಿತು. ಶ್ರೀಕಂಠಯ್ಯನವರ ಮುಂದೆ ನಿಂತು "ನೀವೇ ಸರಿ ಸರ್" ಎನ್ನುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡತೊಡಗಿದೆ. ಅಷ್ಟರಲ್ಲಿ ಪಕ್ಕದ ಮನೆಯ ಜಗಲಿಯಿಂದ ಒಂದು ದನಿ ಬಂತು.

"ಇಲ್ಲದ್ದು ಯಾಕೆ ಹೇಳೀಯ ನಂಜ? ನಿಮ್ಮಪ್ಪಂಗೆ ಪುಟ್ಟಣ್ಣ ಅಂತ ಯಾರು ಕರೆದ್ರು?"

ಅರವತ್ತು ದಾಟಿದ ಹೆಂಗಸು. ಹೆಸರು ಜವರಮ್ಮ. ನಂಜೇಗೌಡರ ದೊಡ್ಡಪ್ಪನ ಮಗನ ಹೆಂಡತಿ, ಎಂದರೆ ಅವರಿಗೆ ಅತ್ತಿಗೆ. ಎರಡು ಮನೆಯೂ ಹಿಂದೆ ಒಂದೇ ಆಗಿದ್ದದ್ದು. ಆಕೆ ನಿಧಾನವಾಗಿ ಬಂದು ಮೆಟ್ಟಿಲ ಮೇಲೆ ಕೂತರು.

"ಅದು ನಮ್ಮತ್ತೇದು ಕಣಮ್ಮ. ನಮ್ಮ ಮಾವ ತೀರೋದಾಗ ಅವ್ರಿಗಿನ್ನೂ ಸಣ್ಣ ವಯಸ್ಸು. ಮಡಿಲಲ್ಲಿ ನಮ್ಮ ಯಜಮಾನ್ರು ಕೂಸು. ಬ್ಯಾಸಾಯ ಎಲ್ಲಾ ಅವ್ರೇ ನಿಂತು ಮಾಡ್ಸೋರು, ಒಂದೊಂದು ತೆನೆ ನೋಡಿ ಬೀಜ ಆರ್ಸೋರು. ಅಮಲ್ದಾರ್ರು ಗದ್ದೆ ತಾವ ಬಂದು ನೋಡಿ, ಅವ್ರ ಹೆಸ್ರೇ ಬರ್ಕಂಡು ಹೋದ್ರಂತೆ. ಸ್ಟೇಜ್ ಹತ್ತಿ ಈಸ್ಕಳೋಕೆ ಹೆಂಗಸ್ರು ಹೋಗ್ತಿದ್ರಾ ಆವಾಗ? ಅವ್ರ ಮೈದುನ, ಈ ನಂಜನ ಅಪ್ಪ, ಹೋಗಿ ಈಸ್ಕಂಡು ಬಂದ್ರು. ಪಾಲಾದಾಗ ಅದೂ ಅವ್ರ ಪಾಲಿಗೇ ಹೋಗ್ಬುಡ್ತು."

ನಂಜೇಗೌಡರು ಶುಂಠಿ ಆರಿಸುವುದನ್ನು ನಿಲ್ಲಿಸಿದ್ದರು. "ನಂಗೆ ಇದು ಗೊತ್ತೇ ಇರ್ಲಿಲ್ಲ ಅತ್ಗೆ" ಅಂದರು.

"ಕೇಳುದ್ರೆ ತಾನೆ" ಅಂದರು ಜವರಮ್ಮ, ಬೇಸರವಿಲ್ಲದೆ.

ಮಾತು ನಂಬುವಂತಿತ್ತು. ಆದರೆ ಶ್ರೀಕಂಠಯ್ಯನವರ "ತೋರಿಸು" ಕಿವಿಯಲ್ಲಿ ಇತ್ತು. ಅದರಲ್ಲಿ ಹೆಸರು ಸವೆದುಹೋಗಿದೆ ಎಂದೆ.

"ಸವೀದೆ ಏನ್ಮಾಡೀತು? ನಾನು ಮದ್ವೆಯಾಗಿ ಬಂದಾಗ ನೋಡ್ತಿದ್ನಲ್ಲ. ಹಬ್ಬ ಬಂದ್ರೆ ಸಾಕು, ಹುಣಸೆಹಣ್ಣು ಹಾಕಿ ತಿಕ್ಕೋರು. ಹಬ್ಬ ಇಲ್ದಿದ್ರೂ ತಿಕ್ಕೋರು. ಅಕ್ಷರ ಬರ್ತಿರ್ಲಿಲ್ಲ ಅವ್ರಿಗೆ. ಇಲ್ಲಿ ನನ್ ಹೆಸ್ರೈತಂತೆ ಅಂತ ಹೆಬ್ಬೆರಳಾಗೆ ಅಲ್ಲೇ ಉಜ್ಜೋರು."

ನಾನು ಕಾಫಿ ಲೋಟ ಕೆಳಗಿಟ್ಟೆ. ಆಕೆ ಮುಂದುವರಿಸಿದರು.

"ಒಂದು ಸಂಕ್ರಾಂತೀಲಿ ಅದನ್ನ ಎತ್ತಿನ ಕೊರಳಿಗೆ ಕಟ್ಬುಟ್ರು. ನಂಗ್ಯಾಕೆ, ಉತ್ತೋನು ಅವ್ನು ಅಂದ್ರು. ಅದು ತಲೆ ಒದರಿ ಕೊಂಡಿ ಕಿತ್ತಾಕ್ತು. ಆಮೇಲೆ ನಮ್ಮೂರಾಚಾರಿ ತಾಮ್ರದ್ದು ಹಾಕ್ಕೊಟ್ಟ. ಸೊಟ್ಟ ಹಾಕ್ಬುಟ್ಟಿದ್ದ, ಬೈದ್ರು ಪಾಪ ಅವ್ನಿಗೆ."

ತಾಮ್ರದ ಕೊಂಡಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಷ್ಟು ವಾರ ಭೂತಗನ್ನಡಿ ಹಿಡಿದು ನೋಡಿದ ಪದಕದೊಳಗೆ ಒಂದು ಎತ್ತು ತಲೆ ಒದರಿದಂತಾಯಿತು.

ಮೈಸೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಶ್ರೀಕಂಠಯ್ಯನವರು ಕೇಳಿ ಎದ್ದರು. ಡ್ರಾಯರ್ ತೆಗೆದು, ಪದಕವನ್ನು ಕಿಟಕಿಯ ಬಳಿ ಹಿಡಿದು, ಕೊಂಡಿ ನೋಡಿದರು, ಸವೆದ ಜಾಗ ನೋಡಿದರು. ಉಳಿದ ಅಕ್ಷರಗಳೆಲ್ಲ ಚೂಪಾಗಿದ್ದು ಹೆಸರೊಂದೇ ತೆಳುವಾಗಿದೆ ಎಂಬುದನ್ನು ಅವರೇ ಈಗ ನನಗೆ ತೋರಿಸಿದರು. ಹೆಬ್ಬೆರಳು ಓಡಾಡಿದ ಜಾಗ ಅದು. ಆಮೇಲೆ ಒಂದು ಹೊಸ ಚೀಟಿ ತೆಗೆದು ತಮ್ಮ ಕೈಯಿಂದಲೇ ಬರೆದರು. ಅವರ ಅಕ್ಷರ ದುಂಡಾಗಿತ್ತು. "ಆಕೇನ ಕರ್ಕೊಂಡು ಬಾ" ಅಂದರು. "ಕಾಗದದ ಮೇಲೆ ಬರೆದುಬಿಟ್ಟರೆ ಮುಗೀಲಿಲ್ಲ."

ಜವರಮ್ಮ ಬಂದರು. ಕರೆತಂದವರು ನಂಜೇಗೌಡರು, ಅದು ನನಗೆ ಬಹಳ ಹಿಡಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತಿಗೆಯ ಚೀಲವನ್ನು ತಾವು ಹಿಡಿದುಕೊಂಡು ಬಂದಿದ್ದರು.

ಆ ಕೋಣೆಯಲ್ಲಿ ಕೈಗವಸಿಲ್ಲದೆ ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ. ಶ್ರೀಕಂಠಯ್ಯನವರು ಕೈಗವಸು ಕೊಡಲು ಹೋದವರು ಯಾಕೋ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಪದಕವನ್ನು ಜವರಮ್ಮನವರ ಅಂಗೈ ಮೇಲೆ ಇಟ್ಟರು. ಆಕೆ ನೋಡಿದರು. ನೋಡಿ, ಸೆರಗಿನ ತುದಿ ಹಿಡಿದು ಒಮ್ಮೆ ಚೆನ್ನಾಗಿ ಒರೆಸಿದರು. ನಾನು ನಮ್ಮ ಸರ್ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದರು ಮಹಾರಾಯರು.

"ಮನೆಗೆ ಬೇಕು ಅನ್ನಿಸ್ತದಾ ನಿಮಗೆ?" ಎಂದು ಅವರೇ ಕೇಳಿದರು. ಈ ಪ್ರಶ್ನೆಯನ್ನು ಅವರು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. "ಬೇಕಂದರೆ ನಾನು ಮೇಲಿನವರ ಹತ್ತಿರ ಮಾತಾಡ್ತೀನಿ."

ಜವರಮ್ಮ ಯೋಚಿಸಿದರು. "ಬ್ಯಾಡ ಸ್ವಾಮಿ. ಮನೇಲಿದ್ರೆ ಇನ್ಯಾರಾದ್ರೂ ಕಾಲ್ಗೆಜ್ಜೆ ಮಾಡಿಸ್ಬುಡ್ತಾರೆ. ಇಲ್ಲಿ ಬೀರು ಐತೆ, ಬೀಗ ಐತೆ, ನೀವಿದ್ದೀರಿ." ನಂಜೇಗೌಡರು ತಲೆ ತಗ್ಗಿಸಿ ನಕ್ಕರು. ಆಮೇಲೆ ಆಕೆ ಚೀಟಿಯ ಕಡೆ ಕೈ ತೋರಿಸಿ, "ಇದ್ರಾಗೆ ಏನ್ ಬರ್ದೈತೆ, ಓದಮ್ಮ" ಅಂದರು.

ಓದಿದೆ. ಅತ್ಯುತ್ತಮ ರಾಜಮುಡಿ ಭತ್ತಕ್ಕಾಗಿ ಕುಂದೂರು ಹೋಬಳಿಯ ರೈತ ಮಹಿಳೆ ಪುಟ್ಟಮ್ಮನವರಿಗೆ ದೊರೆತ ಬೆಳ್ಳಿಯ ಪದಕ. ನಿತ್ಯ ಉಜ್ಜಿದ್ದರಿಂದ ಹೆಸರು ಸವೆದಿದೆ.

"ಪುಟ್ಟಮ್ಮ" ಎಂದು ಜವರಮ್ಮ ಮೆಲ್ಲಗೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಅತ್ತೆ ಹೆಸ್ರು ಬಾಯ್ಬುಟ್ಟು ಹೇಳ್ಬಾರ್ದು ಅಂತ ನಮ್ ಕಡೆ. ಊರೋರೆಲ್ಲ ಮೂಡ್ಲಮನೆ ಗೌಡ್ತಿ ಅನ್ನೋರು. ಆ ಹೆಸ್ರು ಕರ್ದೋರೇ ಇಲ್ಲ. ಇವತ್ತೇ ನೋಡಮ್ಮ ನಾನು ಹೇಳಿದ್ದು."

ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆವು. ಹಣ ಕೊಡಲು ಶ್ರೀಕಂಠಯ್ಯನವರಿಗೂ ನಂಜೇಗೌಡರಿಗೂ ದೊಡ್ಡ ಎಳೆದಾಟವೇ ನಡೆಯಿತು. ಮರುದಿನದಿಂದ ಸರ್ ಪದಕಗಳ ಡ್ರಾಯರ್‌ಗೂ ಬರತೊಡಗಿದರು. "ಇವರು ಕುಸ್ತಿಯವರು" ಎಂದು ಅವಕ್ಕೂ ಬಹುವಚನ ಬಂತು.

ಇದೆಲ್ಲ ಕಳೆದು ಇಪ್ಪತ್ತು ವರ್ಷದ ಹತ್ತಿರವಾಯಿತು. ಸರ್ ಈಗ ಮಗಳ ಮನೆಯಲ್ಲಿ ಆರಾಮಾಗಿದ್ದಾರೆ. ಜವರಮ್ಮನವರಿಗೆ ಮಂಡಿ ನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಸುತ್ತ ಎಲ್ಲರೂ ಶುಂಠಿ, ಕಾಫಿ ಎಂದು ಗದ್ದೆ ಬದಲಾಯಿಸಿದರೂ ಒಂದು ಮಡಿಯಲ್ಲಿ ಆಕೆ ರಾಜಮುಡಿ ಹಾಕಿಸುತ್ತಾರೆ. ಅದೇ ಅತ್ತೆ ಆರಿಸಿದ ಬೀಜದ ಸಂತತಿ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಬಾಳ್ಳುಪೇಟೆಯಲ್ಲಿ ನನ್ನ ಮಗ ಇಟ್ಟಿರುವ ಗೊಬ್ಬರದ ಅಂಗಡಿಗೆ ಬಸ್ಸಿನಲ್ಲಿ ಒಂದು ಚೀಲ ಅಕ್ಕಿ ಬರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಕುಂದೂರಿನ ಅಕ್ಕಿ ಎನ್ನುತ್ತಿದ್ದೆವು, ನಾನೂ ಸೇರಿ. ರೂಪಾಗೆ ಈ ಕತೆ ನಾನು ಹೇಳಿಯೇ ಇರಲಿಲ್ಲ. ನಿನ್ನೆ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಅವಳು ತೊಳೆದದ್ದನ್ನು ಒರೆಸಿಕೊಡುತ್ತಾ ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

ಇವತ್ತು ಮಧ್ಯಾಹ್ನ ಸಕಲೇಶಪುರದಿಂದ ನನ್ನ ನಾದಿನಿ ಬಂದಿದ್ದರು. ಊಟಕ್ಕೆ ಕೂತು, ಕೆಂಪಗಿನ ಅನ್ನದ ಮೇಲೆ ಸಾರು ಕಲೆಸುತ್ತಾ, "ಎಷ್ಟು ರುಚಿಯಾಗೈತೆ, ಯಾವ ಅಂಗಡಿ ಅಕ್ಕಿ ಇದು?" ಎಂದು ಕೇಳಿದರು.

ನಾನು ಬಾಯಲ್ಲಿದ್ದ ತುತ್ತು ನುಂಗುವುದರೊಳಗೆ ರೂಪಾ ಹೇಳಿದಳು: "ಅಂಗಡೀದಲ್ಲ ಚಿಕ್ಕತ್ತೆ, ಪುಟ್ಟಮ್ಮನ ಅಕ್ಕಿ."

"ಯಾವ ಪುಟ್ಟಮ್ಮ?"

ರೂಪಾ ಸಾರಿನ ಪಾತ್ರೆ ಕೆಳಗಿಟ್ಟು, ಒಂದು ಮಣೆ ಎಳೆದುಕೊಂಡು ಕೂತಳು.